ವೀಡ್ ಕಟರ್ ಎಳೆಯುತ್ತಿಲ್ಲವೇ? ಟು-ಸ್ಟ್ರೋಕ್ ಎಂಜಿನ್ನಿಗೆ ಎಳೆತ ತರುವ ಕ್ರಮ

ಮಳೆ ಹಿಡಿದು ಕಳೆ ಮೊಣಕಾಲು ಮುಟ್ಟುವ ಹೊತ್ತಿಗೆ ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳಲ್ಲಿ ವೀಡ್ ಕಟರ್‌ಗಳಿಗೆ ಬಿಡುವೇ ಇರುವುದಿಲ್ಲ. ಆಗ ಕೇಳಿಬರುವ ದೂರು ಬಹುತೇಕ ಒಂದೇ. ಖಾಲಿ ಓಡಿಸಿದರೆ ಮಷಿನ್ ಚೆನ್ನಾಗಿ ಕೂಗುತ್ತದೆ, ಹುಲ್ಲಿಗೆ ಇಟ್ಟ ಕೂಡಲೇ ಕೂತುಬಿಡುತ್ತದೆ. ಕೆಲವರು ದೊಡ್ಡ ಕಾರ್ಬೊರೇಟರ್ ಹಾಕಿಸುತ್ತಾರೆ, ಕೆಲವರು ಸೈಲೆನ್ಸರ್‌ಗೆ ತೂತು ಕೊರೆಯುತ್ತಾರೆ. ಎರಡೂ ಬೇಡ. ಮೊದಲು ಸೋರಿಕೆ ನಿಲ್ಲಿಸಿ, ಆಮೇಲೆ ಗಾಳಿ ಮತ್ತು ಹೊಗೆಯ ದಾರಿ ಬಿಡಿಸಿ, ಕಡೆಗೆ ಕಾರ್ಬೊರೇಟರನ್ನು ನಮ್ಮ ಎತ್ತರಕ್ಕೆ ಹೊಂದಿಸಿ. ಈ ಕ್ರಮ ಹಿಂದುಮುಂದಾದರೆ ಎಷ್ಟು ಸ್ಕ್ರೂ ತಿರುಗಿಸಿದರೂ ಫಲವಿಲ್ಲ.

ತೋಟಗಳಲ್ಲಿ ಹೆಚ್ಚಾಗಿ ಕಾಣುವುದು ಎರಡು ಅಳತೆಯ ಎಂಜಿನ್. 43 ಸಿಸಿ ಎನ್ನುವುದರಲ್ಲಿ ಬೋರ್ (ಸಿಲಿಂಡರಿನ ಒಳ ಅಗಲ) 40 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಸರಿಯುವ ದೂರ) 34 ಮಿ.ಮೀ.; ಲೆಕ್ಕ ಹಾಕಿದರೆ 42.7 ಸಿಸಿ. 52 ಸಿಸಿ ಎನ್ನುವುದರಲ್ಲಿ ಸ್ಟ್ರೋಕ್ ಅಷ್ಟೇ, ಬೋರ್ 44 ಮಿ.ಮೀ. ಗುಂಡಿ ತೋಡುವ ಆಗರ್‌ಗೂ ಮಕ್ಕಳ ಪಾಕೆಟ್ ಬೈಕಿಗೂ ಬರುವುದು ಇದೇ ಜಾತಿಯ ಎಂಜಿನ್. ಆದ್ದರಿಂದ ಇಲ್ಲಿನ ಬಹುಪಾಲು ಮಾತು ಅವಕ್ಕೂ ಸಲ್ಲುತ್ತದೆ.

ಕಂಪ್ರೆಷನ್ ಮತ್ತು ಸೋರಿಕೆ

ಪ್ಲಗ್ ಬಿಚ್ಚಿ ಕಂಪ್ರೆಷನ್ ಗೇಜ್ (ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಡಯಲ್) ಕೂರಿಸಿ. ಸ್ವಿಚ್ ಆಫ್ ಇರಲಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಮುಳ್ಳು ಮೇಲೇರುವುದು ನಿಲ್ಲುವವರೆಗೆ ಹಗ್ಗ ಎಳೆಯಿರಿ. 110 ಪಿಎಸ್‌ಐ ದಾಟಿದರೆ ಎಂಜಿನ್ ಗಟ್ಟಿಯಿದೆ. 90ಕ್ಕಿಂತ ಕೆಳಗಿದ್ದರೆ ಪ್ಲಗ್ ತೂತಿನಿಂದ ನಾಲ್ಕು ಹನಿ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ಪಿಸ್ಟನ್ ಸುತ್ತಿನ ರಿಂಗ್ ಅಥವಾ ಬೋರ್ ಸವೆದಿದೆ ಎಂದರ್ಥ. ಹೊಸ ರಿಂಗ್ ಹಾಕದೆ ಮುಂದಿನ ಕೆಲಸಕ್ಕೆ ಕೈ ಹಾಕಬೇಡಿ. ರಿಂಗ್ ಹಾಕುವಾಗ ಅದರ ಬಾಯಿ ಪಿಸ್ಟನ್ನಿನಲ್ಲಿ ರಿಂಗ್ ಕೂರುವ ತೋಡಿನಲ್ಲಿರುವ ಸಣ್ಣ ಪಿನ್ನಿಗೆ ಸರಿಯಾಗಿ ಕೂರಬೇಕು. ಪಿಸ್ಟನ್ ತಲೆಯ ಮೇಲಿನ ಬಾಣ ಸೈಲೆನ್ಸರ್ ಕಡೆಗಿರಬೇಕು. ಇದು ಅದಲುಬದಲಾದರೆ ರಿಂಗಿನ ಬಾಯಿ ಸಿಲಿಂಡರ್ ಗೋಡೆಯ ಕಿಂಡಿಗೆ, ಅಂದರೆ ಪೋರ್ಟಿಗೆ, ಸಿಕ್ಕಿ ಮುರಿಯುತ್ತದೆ.

ಕಂಪ್ರೆಷನ್ ಚೆನ್ನಾಗಿದ್ದೂ ಎಳೆತವಿಲ್ಲದಿದ್ದರೆ ಕ್ರ್ಯಾಂಕ್‌ಕೇಸ್ ಕಡೆ ನೋಡಬೇಕು. ಸಿಲಿಂಡರಿನ ಕೆಳಗೆ ಕ್ರ್ಯಾಂಕ್ ತಿರುಗುವ ಪೆಟ್ಟಿಗೆ ಅದು, ಮೆಕ್ಯಾನಿಕ್‌ಗಳೂ ಹೆಚ್ಚಾಗಿ ಮರೆಯುವ ಜಾಗ. ಟು-ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಬೆರೆತ ಗಾಳಿ ಮೊದಲು ಬರುವುದು ಪಿಸ್ಟನ್ನಿನ ಕೆಳಗೆ. ಪಿಸ್ಟನ್ ಇಳಿಯುವಾಗ ಅದನ್ನು ಅದುಮಿ ಪಕ್ಕದ ದಾರಿಗಳಿಂದ ಮೇಲಕ್ಕೆ ತಳ್ಳುತ್ತದೆ. ಸಿಲಿಂಡರ್ ಬುಡದ ಗ್ಯಾಸ್ಕೆಟ್, ಕಾರ್ಬೊರೇಟರ್ ಹಿಂದಿನ ಶಾಖ ತಡೆಯುವ ಕಪ್ಪು ಬ್ಲಾಕ್, ಕ್ರ್ಯಾಂಕಿನ ಎರಡು ಆಯಿಲ್ ಸೀಲ್, ಇವುಗಳಲ್ಲಿ ಎಲ್ಲಿ ಸೋರಿದರೂ ಎರಡು ನಷ್ಟ: ಅದುಮುವ ಬಲ ಕುಂದುತ್ತದೆ, ಹೊರಗಿನ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ). ಆಕ್ಸಿಲರೇಟರ್ ಬಿಟ್ಟ ಮೇಲೂ ರೇಸ್ ತಕ್ಷಣ ಇಳಿಯದೆ ಮೇಲೆಯೇ ನಿಂತರೆ ಇದೇ ಗುರುತು.

ಪರೀಕ್ಷೆಗೆ ಹಳೆಯ ಬಿಪಿ ಯಂತ್ರದ ಗಾಳಿ ಬಲ್ಬ್ ಮತ್ತು ಡಯಲ್ ಸಾಕು. ಅದರ 300 ಎಂದರೆ ಸುಮಾರು 0.4 ಬಾರ್, ಈ ಕೆಲಸಕ್ಕೆ ಹೇಳಿ ಮಾಡಿಸಿದ ಒತ್ತಡ. ಸೈಲೆನ್ಸರ್ ಮತ್ತು ಕಾರ್ಬೊರೇಟರ್ ಬಿಚ್ಚಿ, ಸೈಕಲ್ ಟ್ಯೂಬಿನ ತುಂಡನ್ನು ಎರಡೂ ಬಾಯಿಗಳ ಮೇಲಿಟ್ಟು, ಮೇಲೆ ದಪ್ಪ ತಗಡಿನ ಪಟ್ಟಿಯಿಟ್ಟು ಬಿಗಿಮಾಡಿ. ಹಳೆಯ ಪ್ಲಗ್ಗಿನ ಬಿಳಿ ಪಿಂಗಾಣಿ ಒಡೆದು ತೆಗೆದು, ಆ ಜಾಗದಲ್ಲಿ ಬಲ್ಬಿನ ಪೈಪನ್ನು ಅಂಟಿನಿಂದ ಕೂರಿಸಿ ಪ್ಲಗ್ ತೂತಿಗೆ ಹಾಕಿ. ಪಿಸ್ಟನ್ ಪೂರ್ತಿ ಕೆಳಗಿರಬೇಕು; ಆಗ ಮಾತ್ರ ಗಾಳಿ ಕ್ರ್ಯಾಂಕ್‌ಕೇಸಿಗೂ ಇಳಿಯುತ್ತದೆ. 300ಕ್ಕೆ ಏರಿಸಿ ಬಿಡಿ. ಅರ್ಧ ನಿಮಿಷ ಮುಳ್ಳು ಅಲ್ಲೇ ನಿಂತರೆ ಸೋರಿಕೆಯಿಲ್ಲ. ಇಳಿದರೆ ಸೋಪಿನ ನೀರನ್ನು ಬ್ರಷ್‌ನಲ್ಲಿ ಜಾಯಿಂಟ್‌ಗಳಿಗೆ ಹಚ್ಚಿ. ನೊರೆ ಎದ್ದ ಜಾಗವೇ ಸೋರುವ ಜಾಗ. ಫ್ಲೈವೀಲ್ ಹಿಂದಿನ ಸೀಲ್ ನೋಡಲು ಫ್ಲೈವೀಲ್ ಕಳಚಲೇಬೇಕು, ಸೋಮಾರಿತನ ಬೇಡ.

ಹೊಗೆಯ ದಾರಿ

ಸೈಲೆನ್ಸರ್ ಒಳಗಿನ ಕಿಡಿ ತಡೆಯುವ ಜಾಲರಿ ಆಯಿಲ್ ಮಸಿಯಿಂದ ಮುಚ್ಚಿಹೋಗಿರುವುದು ತೀರಾ ಸಾಮಾನ್ಯ. ಅದನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಟಾರ್ಚ್‌ನಲ್ಲಿ ಕೆಂಪಗೆ ಕಾಯಿಸಿ, ಆರಿದ ಮೇಲೆ ತಂತಿ ಬ್ರಷ್‌ನಿಂದ ಉಜ್ಜಿದರೆ ಹೊಸದರಂತಾಗುತ್ತದೆ. ಕಿತ್ತು ಬಿಸಾಡಬೇಡಿ. ಫೆಬ್ರವರಿ, ಮಾರ್ಚ್‌ನಲ್ಲಿ ಒಣಗಿದ ತರಗೆಲೆಗೆ ಒಂದು ಕಿಡಿ ಬಿದ್ದರೂ ತೋಟಕ್ಕೆ ಬೆಂಕಿ.

ಎಗ್ಜಾಸ್ಟ್ ಪೋರ್ಟಿನ ಮಸಿ ಕೆರೆಯುವ ಮೊದಲು ಹಗ್ಗವನ್ನು ನಿಧಾನ ಎಳೆದು, ಪಿಸ್ಟನ್ ಮೇಲೇರಿ ಪೋರ್ಟನ್ನು ಮುಚ್ಚುವಂತೆ ನಿಲ್ಲಿಸಿ. ಮಸಿ ಸಿಲಿಂಡರ್ ಒಳಗೆ ಬೀಳುವುದಿಲ್ಲ. ಸ್ಕ್ರೂಡ್ರೈವರ್ ಬೇಡ, ಬಿದಿರಿನ ಚಕ್ಕೆ ಬಳಸಿ. ಪಿಸ್ಟನ್ ಮೇಲೆ ಒಂದು ಗೀರು ಬಿದ್ದರೂ ಕಂಪ್ರೆಷನ್ ಸೋರುವ ದಾರಿ ತೆರೆದಂತೆ. ಆಮೇಲೆ ಮಷಿನನ್ನು ಪೋರ್ಟ್ ಕೆಳಮುಖವಾಗುವಂತೆ ಹಿಡಿದು, ಪ್ಲಗ್ ಇಲ್ಲದೆ ನಾಲ್ಕಾರು ಬಾರಿ ಹಗ್ಗ ಎಳೆದು ಉಳಿದ ಪುಡಿ ಕೊಡವಿ.

ಸೈಲೆನ್ಸರ್‌ಗೆ ತೂತು ಕೊರೆದರೆ ಸದ್ದು ಹೆಚ್ಚಾಗುತ್ತದೆ, ಅದು ಶಕ್ತಿಯೆಂದು ಕಿವಿಗೆ ಮೋಸವಾಗುತ್ತದೆ. ಸೈಲೆನ್ಸರಿನ ತಡೆ ಕಡಿಮೆಯಾದರೆ ಸುಡದ ಮಿಶ್ರಣವೂ ಹೊಗೆಯ ಜೊತೆ ಹೊರಟುಹೋಗುತ್ತದೆ, ಕಾರ್ಬೊರೇಟರ್ ಸೆಟ್ಟಿಂಗೂ ಕೆಡುತ್ತದೆ.

ಅರ ಹಿಡಿಯುವುದಾದರೆ

ನಿಜವಾದ ಲಾಭ ಸಿಗುವುದು ಗಾಳಿ ಒಳಬರುವ ಕಡೆ. ಕಡಿಮೆ ಬೆಲೆಯ ಎಂಜಿನ್‌ಗಳಲ್ಲಿ ಕಪ್ಪು ಬ್ಲಾಕಿನ ತೂತು ಮತ್ತು ಸಿಲಿಂಡರಿನ ತೂತು ಒಂದಕ್ಕೊಂದು ಕೂಡಿರುವುದಿಲ್ಲ, ಗ್ಯಾಸ್ಕೆಟ್ ಅಂಚು ಒಳಗೆ ಚಾಚಿರುತ್ತದೆ. ಸಿಲಿಂಡರ್ ಮುಖಕ್ಕೆ ಇಂಕ್ ಹಚ್ಚಿ, ಬ್ಲಾಕ್ ಕೂರಿಸಿ ತೆಗೆದರೆ ಮೆಟ್ಟಿಲು ಎಲ್ಲಿದೆ ಎಂದು ಕಾಣುತ್ತದೆ. ಸಣ್ಣ ದುಂಡರದಿಂದ ಆ ಮೆಟ್ಟಿಲನ್ನಷ್ಟೇ ಇಳಿಜಾರು ಮಾಡಿ, ಗ್ಯಾಸ್ಕೆಟನ್ನು ಬ್ಲೇಡಿನಲ್ಲಿ ಕತ್ತರಿಸಿ. ಅರ ಸಿಲಿಂಡರ್ ಬೋರಿಗೆ ತಾಗಬಾರದು. ಒಳಗಿನ ಲೇಪನ ಎದ್ದರೆ ಸಿಲಿಂಡರ್ ಮುಗಿಯಿತು.

ಎಗ್ಜಾಸ್ಟ್ ಪೋರ್ಟನ್ನು ಮೇಲಕ್ಕೆ ಎತ್ತರಿಸುವುದು ಪಾಕೆಟ್ ಬೈಕ್ ಓಡಿಸುವವರ ಅಭ್ಯಾಸ. ಅದರಿಂದ ಶಕ್ತಿ ಹೆಚ್ಚಿನ ರೇಸಿಗೆ ಜರುಗುತ್ತದೆ, ನಡುವಿನ ಎಳೆತ ಹೋಗುತ್ತದೆ. ಬೈಕಿಗೆ ಅದು ಸರಿ, ಹುಲ್ಲು ಕೊಚ್ಚುವ ಮಷಿನಿಗೆ ಶುದ್ಧ ತಪ್ಪು. (ಪಾಕೆಟ್ ಬೈಕನ್ನು ತೋಟದ ಒಳಗಷ್ಟೇ ಓಡಿಸಿ, ರಸ್ತೆಗೆ ಇಳಿಸುವಂತಿಲ್ಲ.)

ಕಳೆ ಹೊಡೆಯುವುದಕ್ಕೆ ಬೇಕಾದ ಎಳೆತ ಸಿಗುವುದು ಸಿಲಿಂಡರನ್ನು ತುಸು ಕೆಳಗಿಳಿಸಿದಾಗ, ಅಂದರೆ ಬುಡದ ಗ್ಯಾಸ್ಕೆಟ್ ತೆಳುವಾದದ್ದು ಹಾಕಿದಾಗ. ಮೊದಲು ಅಳತೆ. ಒಂದೂವರೆ ಮಿ.ಮೀ. ದಪ್ಪದ ಮೆತ್ತನೆಯ ಸೋಲ್ಡರ್ ತಂತಿಯನ್ನು ಪ್ಲಗ್ ತೂತಿನಿಂದ ಬೋರಿನ ಗೋಡೆ ಮುಟ್ಟುವಂತೆ ಇಳಿಸಿ, ಪಿಸ್ಟನ್ ಪಿನ್ ಇರುವ ದಿಕ್ಕಿನಲ್ಲೇ ಹಿಡಿದು, ಪಿಸ್ಟನ್ನನ್ನು ಮೇಲಿನ ತುದಿ ದಾಟಿಸಿ. ಚಪ್ಪಟೆಯಾದ ತುದಿಯನ್ನು ವರ್ನಿಯರ್‌ನಲ್ಲಿ ಅಳೆಯಿರಿ. 1 ಮಿ.ಮೀ. ಬಂದರೆ, ಈಗಿರುವುದಕ್ಕಿಂತ 0.3 ಮಿ.ಮೀ. ತೆಳುವಾದ ಗ್ಯಾಸ್ಕೆಟ್ ಹಾಕಬಹುದು. 0.5 ಮಿ.ಮೀ.ಗಿಂತ ಕಡಿಮೆ ಜಾಗ ಎಂದಿಗೂ ಉಳಿಸಬೇಡಿ, ಬಿಸಿಯಾದಾಗ ಪಿಸ್ಟನ್ ಹೆಡ್ಡಿಗೆ ಬಡಿಯುತ್ತದೆ.

ಪೆಟ್ರೋಲ್ ಮತ್ತು ಆಯಿಲ್

ಮಷಿನಿನ ಮೇಲೆ 25:1 ಎಂದಿದ್ದರೆ ಲೀಟರಿಗೆ 40 ಮಿ.ಲೀ. ಆಯಿಲ್, 50:1 ಎಂದಿದ್ದರೆ 20 ಮಿ.ಲೀ. ಅಂದಾಜಿನಲ್ಲಿ ಮುಚ್ಚಳ ಸುರಿಯುವುದು ಬೇಡ. ‘ಆಯಿಲ್ ಜಾಸ್ತಿಯಾದರೆ ಒಳ್ಳೆಯದೇ’ ಎಂಬ ನಂಬಿಕೆ ಅಪಾಯಕಾರಿ: ಆಯಿಲ್ ಹೆಚ್ಚಿದಷ್ಟೂ ಕಾರ್ಬೊರೇಟರಿನ ಅದೇ ಸಣ್ಣ ತೂತಿನಿಂದ (ಜೆಟ್) ಬರುವ ಪೆಟ್ರೋಲ್ ಕಡಿಮೆ, ಮಿಶ್ರಣ ತೆಳು. ಜಪಾನಿನ ಗುಣಮಟ್ಟದ ಗುರುತಾದ ಜಾಸೊ ಎಫ್‌ಸಿ ಅಥವಾ ಎಫ್‌ಡಿ ಎಂದು ಬರೆದಿರುವ ಟು-ಟಿ ಆಯಿಲ್ ಕೊಳ್ಳಿ.

ಈಗ ಬಂಕ್‌ಗಳಲ್ಲಿ ಸಿಗುವ ಇ-20 ಪೆಟ್ರೋಲಿನಲ್ಲಿ (ನೂರಕ್ಕೆ ಇಪ್ಪತ್ತರಷ್ಟು ಎಥೆನಾಲ್ ಬೆರೆತದ್ದು) ಇರುವ ಎಥೆನಾಲ್ ನೀರು ಹೀರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅರ್ಧ ತುಂಬಿದ ಟ್ಯಾಂಕನ್ನು ವಾರಗಟ್ಟಲೆ ಬಿಟ್ಟರೆ ನೀರು ತಳಕ್ಕಿಳಿಯುತ್ತದೆ, ಕಾರ್ಬೊರೇಟರಿನೊಳಗಿನ ತೆಳು ಪೊರೆ (ಡಯಾಫ್ರಾಮ್) ಬಿರುಸಾಗುತ್ತದೆ. ಕೆಲಸ ಮುಗಿದ ದಿನ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ.

ಕಾರ್ಬೊರೇಟರ್

ಚಿಕ್ಕಮಗಳೂರು ಸಮುದ್ರ ಮಟ್ಟದಿಂದ ಸುಮಾರು 1,090 ಮೀಟರ್ ಎತ್ತರ. ಇಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ ಸುಮಾರು ನೂರಕ್ಕೆ ಹತ್ತರಷ್ಟು ಕಡಿಮೆ. ಮಂಗಳೂರಿನಲ್ಲಿ ಸರಿಯಾಗಿದ್ದ ಮಷಿನ್ ಇಲ್ಲಿ ರಿಚ್ ಆಗಿ, ಅಂದರೆ ಗಾಳಿಗೆ ಪೆಟ್ರೋಲ್ ಹೆಚ್ಚಾಗಿ, ಹೊಗೆ ಉಗುಳುತ್ತದೆ. ಸೆಟ್ಟಿಂಗ್ ಸರಿಪಡಿಸಿದರೆ ಹೊಗೆ ಹೋಗುತ್ತದೆ, ತೆಳು ಗಾಳಿಯಿಂದ ಹೋದ ಶಕ್ತಿ ಮಾತ್ರ ಸ್ಕ್ರೂನಿಂದ ಮರಳುವುದಿಲ್ಲ. ತಿರುಗಾಮುರುಗಾ ಆದರೆ ಇನ್ನೂ ಕಷ್ಟ: ಗಿರಿಯ ತೋಟದಲ್ಲಿ ಹೊಂದಿಸಿದ ಮಷಿನನ್ನು ಘಟ್ಟದ ಕೆಳಗೆ ಒಯ್ದು ಹಾಗೆಯೇ ಓಡಿಸಿದರೆ ಮಿಶ್ರಣ ತೆಳುವಾಗಿ ಸೀಜ್ ಆಗಬಹುದು, ಅಂದರೆ ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಳ್ಳಬಹುದು.

ಎಚ್ ಮತ್ತು ಎಲ್ ಸ್ಕ್ರೂ (ಎಚ್ ಹೆಚ್ಚಿನ ರೇಸಿನ, ಎಲ್ ಕಡಿಮೆ ರೇಸಿನ ಪೆಟ್ರೋಲ್ ಹೊಂದಿಸುತ್ತದೆ; ಹೊರಕ್ಕೆ ಬಿಟ್ಟರೆ ಪೆಟ್ರೋಲ್ ಹೆಚ್ಚು, ಒಳಕ್ಕೆ ತಿರುಗಿಸಿದರೆ ಕಡಿಮೆ) ಇರುವ ಡಯಾಫ್ರಾಮ್ ಕಾರ್ಬೊರೇಟರ್ ಆದರೆ, ಏರ್ ಫಿಲ್ಟರ್ ತೊಳೆದು ಕೂರಿಸಿ, ಬ್ಲೇಡ್ ಜೋಡಿಸಿ, ಐದು ನಿಮಿಷ ಬಿಸಿಮಾಡಿ. ಎಲ್ ಸ್ಕ್ರೂವನ್ನು ಐಡಲ್ (ಆಕ್ಸಿಲರೇಟರ್ ಒತ್ತದಾಗಿನ ವೇಗ) ಅತಿ ಹೆಚ್ಚು ಏರುವ ಜಾಗಕ್ಕೆ ತಂದು, ಅಲ್ಲಿಂದ ಎಂಟನೇ ಒಂದು ಸುತ್ತು ಹೊರಕ್ಕೆ ಬಿಡಿ. ಬ್ಲೇಡ್ ತಿರುಗದಂತೆ ಐಡಲ್ ಸ್ಕ್ರೂ ಇಳಿಸಿ. 2,800ರಿಂದ 3,200 ಆರ್‌ಪಿಎಂ ಸರಿ. ಇನ್ನು ಎಚ್. ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಸದ್ದು ನುಣುಪಾಗಿ ಕಿರುಚಬಾರದು, ಸ್ವಲ್ಪ ತೊದಲಬೇಕು. ಬ್ಲೇಡ್ ಹುಲ್ಲಿಗೆ ತಾಗಿದ ಕ್ಷಣ ಆ ತೊದಲು ಹೋಗಿ ಸದ್ದು ಶುದ್ಧವಾಗಬೇಕು. ಹುಲ್ಲಿನಲ್ಲೂ ತೊದಲಿದರೆ ಎಂಟನೇ ಒಂದು ಸುತ್ತು ಒಳಕ್ಕೆ, ಖಾಲಿಯಲ್ಲೂ ಕಿರುಚಿದರೆ ಹೊರಕ್ಕೆ. ಒಂದು ಸಲಕ್ಕೆ ಒಂದೇ ಸ್ಕ್ರೂ.

ಹತ್ತು ನಿಮಿಷ ಹುಲ್ಲು ಹೊಡೆದು, ಐಡಲ್‌ಗೆ ಬಿಡದೆ ನೇರ ಸ್ವಿಚ್ ಆಫ್ ಮಾಡಿ ಪ್ಲಗ್ ತೆಗೆಯಿರಿ. ತುದಿ ಹುರಿದ ಕಾಫಿ ಪುಡಿಯ ಬಣ್ಣಕ್ಕಿದ್ದರೆ ಸರಿ, ಕಪ್ಪಗೆ ಒದ್ದೆಯಿದ್ದರೆ ರಿಚ್, ಬೆಳ್ಳಗಿದ್ದರೆ ತಕ್ಷಣ ಎಚ್ ಸ್ಕ್ರೂ ಹೊರಕ್ಕೆ ಬಿಡಿ. ಪ್ಲಗ್ ಗ್ಯಾಪ್ 0.6ರಿಂದ 0.7 ಮಿ.ಮೀ., ಕಾಯಿಲ್ ಮತ್ತು ಫ್ಲೈವೀಲ್ ನಡುವೆ 0.3 ಮಿ.ಮೀ. ಇರಲಿ. ಹೊಸ ರಿಂಗ್ ಹಾಕಿದ್ದರೆ ಮೊದಲ ಟ್ಯಾಂಕ್ ಪೂರ್ತಿ ಎಚ್ ತುಸು ರಿಚ್ ಆಗಿಟ್ಟು, ಅರ್ಧ ಆಕ್ಸಿಲರೇಟರಿನಲ್ಲಿ ಎಳೆಹುಲ್ಲು ಮಾತ್ರ ಹೊಡೆಯಿರಿ. ಎರಡನೇ ಟ್ಯಾಂಕಿಗೆ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಮಾಡಿ, ಎಚ್ ಸ್ಕ್ರೂವನ್ನು ಹೊಸದಾಗಿ ಹೊಂದಿಸಿ.