ಮಾರ್ಚಿನ ಬಾವಿಯಿಂದ ಹಿಂದಕ್ಕೆ: ತೋಡಿನ ಕಟ್ಟಕ್ಕೆ ಲಾಜಿಕ್ ಮಾಡೆಲ್ ಹಾಕಿದ ನನ್ನ ಅನುಭವ

ಕಾಸರಗೋಡಿನ ಬಡಗು ಭಾಗದ ಬೈಲುಗಳಿಗೆ ಕಟ್ಟ, ಅಂದರೆ ಬೇಸಗೆಗೆ ನೀರು ನಿಲ್ಲಿಸಲು ತೋಡಿಗೆ (ಸಣ್ಣ ಹಳ್ಳಕ್ಕೆ) ಅಡ್ಡ ಹಾಕುವ ತಾತ್ಕಾಲಿಕ ಒಡ್ಡು, ಹೊಸತಲ್ಲ. ಜಿಲ್ಲೆಯ ಏತಡ್ಕ ಎಂಬ ಊರಿನಲ್ಲಿ ಒಂದೇ ತೋಡಿಗೆ ಸಾಲು ಕಟ್ಟ ಹಾಕುವುದನ್ನು ನೋಡಿ ಬಂದವರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ಆದರೂ ನಮ್ಮ ವಾರ್ಡಿನಲ್ಲಿ ಕಟ್ಟದ ಯೋಜನೆ ಎದ್ದಷ್ಟು ಸಲವೂ ಮಲಗುತ್ತಿತ್ತು. "ಕಾಗದದಲ್ಲಿ ಬಾಣ ಎಳೆದರೆ ಬಾವಿಗೆ ನೀರು ಬರುತ್ತದಾ?" ಎಂದು ಕೇಳಿದವರೇ ಈಗ ಆ ಕಾಗದದ ಜೆರಾಕ್ಸ್ ಕೇಳುತ್ತಿದ್ದಾರೆ. ಅದಕ್ಕಾಗಿ ಇಷ್ಟು ಬರೆಯುತ್ತಿದ್ದೇನೆ. ಲಾಜಿಕ್ ಮಾಡೆಲ್ ಎಂದರೆ ಹಣ, ಕೆಲಸ, ಫಲಗಳನ್ನು ಬಾಣಗಳಿಂದ ಜೋಡಿಸಿ ಒಂದೇ ಕಾಗದದಲ್ಲಿ ತೋರಿಸುವ ಚಾರ್ಟು; ಅದಕ್ಕಿಂತ ಹೆಚ್ಚಿನ ಪಾಠ ಇಲ್ಲಿಲ್ಲ. ಗ್ರಾಮಸಭೆ, ಪಂಚಾಯತಿನ ವರ್ಕಿಂಗ್ ಗ್ರೂಪು ಎಂದು ಓಡಾಡಿದವರಿಗೆ ಅದು ಗೊತ್ತಿರುವುದೇ.

ಮೊದಲು ಸಮಸ್ಯೆಯ ವಾಕ್ಯ. ಹಳೆಯ ಅರ್ಜಿಗಳಲ್ಲೆಲ್ಲ "ನಮ್ಮ ತೋಡಿಗೆ ಕಿಂಡಿ ಅಣೆಕಟ್ಟು ಇಲ್ಲ" ಎಂದೇ ಇತ್ತು. ಅದು ಸಮಸ್ಯೆಯಲ್ಲ, ಪರಿಹಾರ ಸಿಕ್ಕಿಲ್ಲ ಎಂಬ ದೂರು. ಹಾಗೆ ಬರೆದ ಕೂಡಲೇ ಉಳಿಯುವುದು ಒಂದೇ ದಾರಿ: ಕಾಂಕ್ರೀಟು, ಹನ್ನೆರಡು ಹದಿನೈದು ಲಕ್ಷದ ಎಸ್ಟಿಮೇಟು, ಮತ್ತೆ ಕಾಯುವುದು. "ನೀರಿನ ಅಭಾವ" ಎಂದು ಬರೆದರೂ ಪ್ರಯೋಜನವಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಜಿಲ್ಲೆಯಲ್ಲಿ ಅಭಾವ ಯಾರಿಗೆ, ಯಾವ ತಿಂಗಳಲ್ಲಿ? ಕೊನೆಗೆ ಗಟ್ಟಿಯಾಗಿ ನಿಂತ ವಾಕ್ಯ ಇದು: "ತೋಡಿನ ಎರಡು ದಡದ ನಲವತ್ತರಷ್ಟು ಮನೆಬಾವಿಗಳಲ್ಲಿ ಸುಮಾರು ಮೂವತ್ತು ಬಾವಿಗಳು ಮಾರ್ಚ್ ಅರ್ಧವಾಗುವಾಗ ಕೊಡ ಮುಳುಗದಷ್ಟು ಇಳಿಯುತ್ತವೆ, ಮಳೆ ಹಿಡಿಯುವವರೆಗೆ ಆ ಮನೆಗಳು ಟ್ಯಾಂಕರ್ ನೀರಿಗೆ ತಿಂಗಳಿಗೆ ಎರಡು ಸಾವಿರದ ಹತ್ತಿರ ಕೊಡುತ್ತವೆ." ಇದರಲ್ಲಿ ಕಟ್ಟ ಎಂಬ ಮಾತಿಲ್ಲ, ಯಾರ ಮೇಲೂ ಆರೋಪವಿಲ್ಲ. ಯಾರ ಬಾವಿ, ಯಾವಾಗ, ಎಷ್ಟು ಖರ್ಚು ಎಂಬುದು ಇದೆ. ಟ್ಯಾಂಕರಿನ ಲೆಕ್ಕ ಸೇರಿಸಿದ ಮೇಲೆಯೇ ಜನ ಕಿವಿಗೊಟ್ಟದ್ದು.

ಅಳತೆ ಇಲ್ಲದೆ ಈ ವಾಕ್ಯ ಹುಟ್ಟುವುದಿಲ್ಲ. ಭಾನುವಾರ ಬೆಳಗ್ಗೆ, ಪಂಪು ಹಾಕುವ ಮೊದಲು, ಟೇಪಿನ ತುದಿಗೆ ಬೋಲ್ಟ್ ಕಟ್ಟಿ ಬಾವಿಗೆ ಇಳಿಸಿ, ನೀರು ಮುಟ್ಟಿದ ಅಡಿಯನ್ನು ಬರೆಯಬೇಕು. ಪ್ರತಿ ಬಾವಿಕಟ್ಟೆಯ ಎತ್ತರ ಬೇರೆಯಾದ್ದರಿಂದ ಕಟ್ಟೆಯ ಮೇಲೆ ಕೆಂಪು ಪೈಂಟಿನಲ್ಲಿ ಒಂದು ಗುರುತು ಹಾಕಿ, ಯಾವಾಗಲೂ ಅಲ್ಲಿಂದಲೇ ಅಳೆಯಬೇಕು. ಪಂಪು ನಿಲ್ಲಿಸಿದ ಕೂಡಲೇ ಅಳೆದರೆ ಎರಡು ಮೂರು ಅಡಿ ಸುಳ್ಳು ಲೆಕ್ಕ ಬರುತ್ತದೆ. ನಮ್ಮಲ್ಲಿ ಇದನ್ನು ಕುಟುಂಬಶ್ರೀಯ (ಕೇರಳದ ಮಹಿಳಾ ಸ್ವಸಹಾಯ ಸಂಘಗಳು) ಹೆಂಗಸರು ಮಾಡಿದರು. ಅವರ ಪುಸ್ತಕದಷ್ಟು ನಂಬುವ ದಾಖಲೆ ಈ ವಾರ್ಡಿನಲ್ಲಿ ಬೇರೆ ಇಲ್ಲ.

ಚಾರ್ಟನ್ನು ಎಡದಿಂದ, ಅಂದರೆ ಹಣದ ಕಡೆಯಿಂದ, ತುಂಬಿಸಲು ಹೊರಟರೆ ಕೈಯಲ್ಲಿರುವ ಹಣಕ್ಕೆ ಕೆಲಸ ಹುಡುಕಿದಂತಾಗುತ್ತದೆ. ಹಳೆ ಕ್ಯಾಲೆಂಡರುಗಳನ್ನು ಅಂಟಿಸಿ, ಹಿಂಬದಿಯಲ್ಲಿ ಬಲಗಡೆಯಿಂದ ಬರೆದೆವು. ಬಲತುದಿಯಲ್ಲಿ "ಏಪ್ರಿಲ್ ಕೊನೆಗೂ ಮನೆಬಾವಿಯಲ್ಲಿ ನಾಲ್ಕು ಅಡಿ ನೀರು". ಅದರ ಎಡಕ್ಕೆ "ತೋಡಿನಲ್ಲಿ ಮಾರ್ಚ್ ಕೊನೆಯವರೆಗೆ ನೀರು ನಿಲ್ಲುವುದು", ಅದರ ಎಡಕ್ಕೆ "ಮೂರು ಕಟ್ಟ", ಆಮೇಲೆ ಕೆಲಸಗಳು, ಕೊನೆಗೆ ಹಣ ಮತ್ತು ಆಳು. ಮೇಲೆ ಕನ್ನಡ, ಕೆಳಗೆ ಮಲಯಾಳ; ಚರ್ಚೆ ಮಾತ್ರ ತುಳುವಿನಲ್ಲಿ.

ಕಟ್ಟ ಆಯಿತು ಎಂಬುದು ಫಲವಲ್ಲ, ಬರೀ ಕೆಲಸ ಮುಗಿದದ್ದು. ನಮ್ಮ ಮೊದಲ ಬೇಸಗೆಯಲ್ಲಿ ಮೂರೂ ಕಟ್ಟ ತುಂಬಿ ತುಳುಕಿತ್ತು, ಕೆಳಗಿನ ಬಾವಿಗಳು ಮಾತ್ರ ಎಂದಿನಂತೆಯೇ ಇಳಿದವು. ಚಾರ್ಟಿನಲ್ಲಿ ನೋಡಿದರೆ ಮುರಿದ ಬಾಣ ಯಾವುದೆಂದು ತಕ್ಷಣ ತಿಳಿಯಿತು: ನಿಂತ ನೀರನ್ನು ಮೇಲಿನ ಅಡಿಕೆ ತೋಟಗಳ ಪಂಪುಗಳು ಹಗಲಿಡೀ ಎತ್ತುತ್ತಿದ್ದವು. ಆದ್ದರಿಂದ ಪ್ರತಿ ಬಾಣದ ಕೆಳಗೆ "ಹೀಗಾದರೆ ಮಾತ್ರ" ಎಂಬ ಒಂದು ಸಾಲು ಬೇಕೇ ಬೇಕು, ಅದನ್ನು ನೋಡಿಕೊಳ್ಳುವವರ ಹೆಸರು ಮತ್ತು ತಾರೀಕಿನ ಜೊತೆ. ಈಗ ತೋಡಿನ ಪಂಪುಗಳು ದಿನ ಬಿಟ್ಟು ದಿನ, ನಾಲ್ಕು ಗಂಟೆ ಮಾತ್ರ. ಐದು ಎಚ್‌ಪಿ ಪಂಪಿನವರನ್ನು ಇದಕ್ಕೆ ಒಪ್ಪಿಸಿದ ಬಗೆಯನ್ನು ಇಲ್ಲಿ ಬರೆಯುವುದಿಲ್ಲ. ಬಂದು ಕೇಳಿದವರಿಗೆ ಹೇಳುತ್ತೇನೆ.

ಇನ್ನೊಂದು "ಹೀಗಾದರೆ ಮಾತ್ರ" ತುಲಾ ಮಳೆಯದ್ದು, ಅಂದರೆ ಅಕ್ಟೋಬರ್-ನವೆಂಬರಿನ ಹಿಂಗಾರು ಮಳೆಯದ್ದು. ನವೆಂಬರಿನಲ್ಲಿ ಕಟ್ಟ ಹಾಕಿದರೆ ಒಂದು ರಾತ್ರಿಯ ಮಳೆಗೆ ಕಟ್ಟದ ಚೀಲಗಳೆಲ್ಲ ಕೊಚ್ಚಿ ಹೋಗುತ್ತವೆ. ಫೆಬ್ರವರಿಗೆ ಬಿಟ್ಟರೆ ತಡೆಯಲು ಹರಿವೇ ಇರುವುದಿಲ್ಲ. ಡಿಸೆಂಬರ್ ಎರಡನೇ ವಾರದಿಂದ ಜನವರಿ ಮೊದಲ ವಾರದೊಳಗೆ ಮುಗಿಯಬೇಕು. ಪಂಚಾಯತಿನ ಹಣವಾದರೋ ಬಹಳ ಸಲ ಕೈಗೆ ಬರುವುದು ಮಾರ್ಚ್ 31ರ ಗಡಿಬಿಡಿಯಲ್ಲಿ. ಅದನ್ನು ನಂಬಿದ ಚೀಲದ ಕಟ್ಟ ಎಂದೂ ಸಮಯಕ್ಕೆ ಏಳುವುದಿಲ್ಲ. ಟ್ಯಾಂಕರಿಗೆ ಕೊಡುತ್ತಿದ್ದ ಒಂದು ತಿಂಗಳ ಹಣವನ್ನು ಮನೆಗಳಿಂದಲೇ ಮೊದಲು ಎತ್ತಿದೆವು, ಅರುವತ್ತು ಸಾವಿರದಷ್ಟಾಯಿತು.

ಖರ್ಚು ನೆನಪಿನಿಂದ: ಒಂದು ಕಟ್ಟಕ್ಕೆ ಏಳೆಂಟುನೂರು ಖಾಲಿ ಸಿಮೆಂಟ್ ಚೀಲ, ಮೂರರಿಂದ ಐದು ರೂಪಾಯಿಗೆ ಒಂದು. ದಪ್ಪ ಪ್ಲಾಸ್ಟಿಕ್ ಶೀಟು ನಾಲ್ಕು ಸಾವಿರದ ಒಳಗೆ. ಸಂಬಳದ್ದೇ ದೊಡ್ಡ ಪಾಲು, ಒಂದಾಳಿಗೆ ಸಾವಿರದ ಹತ್ತಿರ. ಅರ್ಧ ಶ್ರಮದಾನವಾದರೆ ಇಪ್ಪತ್ತು ಸಾವಿರದೊಳಗೆ ಒಂದು ಕಟ್ಟ ಏಳುತ್ತದೆ.

ಸೋರುವುದು ಮೂರು ಕಡೆ. ತಳದಲ್ಲಿ ಮರಳು ಬಿಟ್ಟು ಮೇಲೆ ಚೀಲ ಇಟ್ಟರೆ ನೀರು ಅಡಿಯಿಂದ ನುಸುಳುತ್ತದೆ. ಪಾರೆ ಅಥವಾ ಜೇಡಿ ಸಿಗುವವರೆಗೆ ಅಗೆಯಬೇಕು. ಎರಡನೆಯದು ಶೀಟಿನ ಬುಡ: ಅದರ ಕಾಲನ್ನು ನೀರು ಬರುವ ಮೇಲ್ಬದಿಯಲ್ಲಿ ಒಂದಡಿ ಹೂಳಬೇಕು. ಮೂರನೆಯದು ದಡದಲ್ಲಿರುವ ಏಡಿ ಬಿಲ. ಬೆರಳು ಹೋಗುವಷ್ಟು ಬಿಲ ಎರಡು ದಿನದಲ್ಲಿ ಕೈ ಹೋಗುವಷ್ಟಾಗಿ, ಕಟ್ಟ ನಿಂತೇ ಇದ್ದು ದಡ ಕುಸಿಯುತ್ತದೆ. ದಡದೊಳಕ್ಕೆ ಎರಡು ಮೂರು ಅಡಿ ಕೊರೆದು ಚೀಲದ ಸಾಲನ್ನು ನುಗ್ಗಿಸಿದರೆ ಆ ತೊಂದರೆ ಬಹುತೇಕ ಇಲ್ಲ. ಕೆಳಗಿನ ಕಟ್ಟದ ಹಿನ್ನೀರು ಮೇಲಿನ ಕಟ್ಟದ ಬುಡ ಮುಟ್ಟುವಷ್ಟು ಹತ್ತಿರ ಹಾಕಬೇಕು. ಮುರಕಲ್ಲಿನ (ಲ್ಯಾಟರೈಟ್) ನೆಲದಲ್ಲಿ ನೀರು ಬೇಗ ಇಂಗುತ್ತದೆ, ಬೇಗ ಜಾರುತ್ತದೆ ಕೂಡ; ಎತ್ತರದ ಒಂದು ಕಟ್ಟಕ್ಕಿಂತ ತಗ್ಗಿನ ಮೂರು ಮೇಲು.

ನಡುವೆ ಒಂದು ಕಟ್ಟಕ್ಕೆ ಶೀಟಿನ ಬದಲು ಅಡಿಕೆ ಮರ ಸೀಳಿದ ಸಲಿಕೆ (ಪಟ್ಟಿ) ಎರಡು ಸಾಲು ನಿಲ್ಲಿಸಿ ನಡುವೆ ಮಣ್ಣು ತುಂಬಿಸಿ ನೋಡಿದೆವು. ಅಗ್ಗ, ಪ್ಲಾಸ್ಟಿಕ್ ಇಲ್ಲ, ಮಣ್ಣಿನ ಹದ ಸಿಕ್ಕಿದರೆ ಸೋರುವುದೂ ಕಡಿಮೆ. ಆ ಹದ ನಮ್ಮ ಬೈಲಿನ ಹಿರಿಯರೊಬ್ಬರ ಗುಟ್ಟು. ನೀರಿಗಾಗಿ ಗುಡ್ಡೆಗೆ ಅಡ್ಡವಾಗಿ ಕೊರೆದ ಒಂದು ಹಳೇ ಸುರಂಗದ ಮಣ್ಣನ್ನೂ ತೆಗೆಸಿದೆವು. ಎರಡು ಮನೆಗೆ ನೀರಾಯಿತು. ಆದರೆ ಅದು ಈ ಸಮಸ್ಯೆಯ ವಾಕ್ಯಕ್ಕೆ ಸೇರದ್ದರಿಂದ ಚಾರ್ಟಿಗೆ ಹತ್ತಿಸಲಿಲ್ಲ, ಅದಕ್ಕೆ ಬೇರೆ ಕಾಗದ ಬೇಕು.

ಎರಡನೇ ಬೇಸಗೆಯಲ್ಲಿ ಟ್ಯಾಂಕರ್ ತರಿಸಿದ ಮನೆಗಳು ಐದಾರು ಮಾತ್ರ, ಅದೂ ಮೇ ತಿಂಗಳಲ್ಲಿ. ಹೆಚ್ಚಿನ ಬಾವಿಗಳಲ್ಲಿ ಏಪ್ರಿಲ್ ಕೊನೆಗೆ ನಾಲ್ಕಡಿಯ ಆಸುಪಾಸು ನೀರಿತ್ತು. ಇದನ್ನು ಮಾಡುವವರು ಕೆಲಸಗಳ ಪಟ್ಟಿಯಲ್ಲಿ ಕಟ್ಟ ಬಿಚ್ಚುವುದನ್ನೂ ಬರೆಯಿರಿ, ಕಟ್ಟವೊಂದಕ್ಕೆ ಎರಡು ಸಾವಿರ ತೆಗೆದಿಡಿ. ಮೇ ಕೊನೆಯ ವಾರದೊಳಗೆ ಚೀಲ, ಶೀಟು ಎತ್ತದಿದ್ದರೆ ಜೂನಿನ ಮೊದಲ ನೆರೆ ತೋಟಕ್ಕೆ ನುಗ್ಗುತ್ತದೆ. ಶೀಟನ್ನು ಒಣಗಿಸಿ ಅಟ್ಟಕ್ಕೆ ಹಾಕಿದರೆ ಇನ್ನೆರಡು ಬೇಸಗೆಗೆ ಬರುತ್ತದೆ.