ಮನೆಗಿಡಕ್ಕೆ ತೇವದ ಗಾಳಿ: ಸ್ಪ್ರೇ ಬಾಟಲಿ ಕೆಳಗಿಟ್ಟ ಮೇಲೆ ಕಲಿತದ್ದು

ಸುತ್ತಲಿನ ಗಾಳಿ ತೇವವಾಗಿರಲಿ ಅಂತ ನನ್ನ ಕ್ಯಾಲಾಥಿಯಾ ಗಿಡಕ್ಕೆ ಆರು ತಿಂಗಳು ದಿನಕ್ಕೆ ಮೂರು ಸಲ ನೀರು ಸ್ಪ್ರೇ ಹೊಡೆದೆ. ಹಲ್ಲುಜ್ಜಿದ ಮೇಲೊಮ್ಮೆ, ಮಧ್ಯಾಹ್ನ ಊಟ ಆದಮೇಲೊಮ್ಮೆ, ರಾತ್ರಿ ದೀಪ ಆರಿಸುವ ಮುಂಚೆ ಒಮ್ಮೆ. ಆದರೂ ಎಲೆಗಳ ಅಂಚು ಸುಟ್ಟ ಕಾಗದದ ಹಾಗೆ ಕಂದಾಗುತ್ತಲೇ ಹೋಯಿತು. ಹೊಸದಾಗಿ ಬಂದ ಎಲೆಯೊಂದು ಸುರುಳಿ ಬಿಚ್ಚಿಕೊಳ್ಳಲಾರದೆ ಅರ್ಧಕ್ಕೇ ಸಿಕ್ಕಿಕೊಂಡಿತು. ಪಾಪ ಅಂತ ಬಿಡಿಸಲು ಹೋದೆ, ಹರಿದೇ ಹೋಯಿತು. ಗಿಡದ ಮೇಲೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ.

ಸ್ಪ್ರೇ ಹೊಡೆದರೆ ಎಲೆ ಒದ್ದೆಯಾಗುತ್ತದೆ. ಆ ಹನಿ ಕೆಲವೇ ನಿಮಿಷದಲ್ಲಿ ಆರಿ, ಇಡೀ ಕೋಣೆಗೆ ಹರಡಿ, ಲೆಕ್ಕಕ್ಕೇ ಸಿಗದಷ್ಟು ಕಡಿಮೆಯಾಗುತ್ತದೆ. ಗಿಡದ ಕಷ್ಟ ಇರುವುದು ಬೇರೆ ಕಡೆ. ಎಲೆಯ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿವೆ. ಗಾಳಿ ಒಣಗಿದಷ್ಟೂ ಅವುಗಳ ಮೂಲಕ ನೀರು ಜಾಸ್ತಿ ಹೊರಗೆ ಹೋಗುತ್ತದೆ. ಬೇರು ಅಷ್ಟೇ ಬೇಗ ಮೇಲೆ ಕಳಿಸಲಾರದಾಗ, ಸಾಲಿನ ಕೊನೆಯಲ್ಲಿ ನಿಂತವರಿಗೆ ನೀರು ಸಿಗುವುದಿಲ್ಲ. ಆ ಕೊನೆಯವರೇ ಎಲೆಯ ತುದಿ ಮತ್ತು ಅಂಚು.

ಹಾಗಾಗಿ ಏನನ್ನಾದರೂ ಕೊಳ್ಳುವುದಿದ್ದರೆ ಮೊದಲು ಒಂದು ಹೈಗ್ರೋಮೀಟರ್, ಅಂದರೆ ಗಾಳಿಯ ತೇವ ಅಳೆಯುವ ಮೀಟರ್, ಕೊಳ್ಳಿ. ಬೆಂಕಿಪೊಟ್ಟಣದಷ್ಟು ಚಿಕ್ಕದು ಸಾಕು. ಆದರೆ ಅದು ಹೇಳಿದ್ದನ್ನು ಕಣ್ಣುಮುಚ್ಚಿ ನಂಬಬೇಡಿ, ಮೊದಲು ಉಪ್ಪಿನ ಪರೀಕ್ಷೆ ಮಾಡಿ. ಬಾಟಲಿಯ ಮುಚ್ಚಳಕ್ಕೆ ಅಡುಗೆ ಉಪ್ಪು ತುಂಬಿ, ನಾಲ್ಕೈದು ಹನಿ ನೀರು ಹಾಕಿ. ಉಪ್ಪು ಕರಗಬಾರದು, ಒದ್ದೆ ಮರಳಿನ ಹಾಗಿರಬೇಕು. ಆ ಮುಚ್ಚಳವನ್ನೂ ಮೀಟರನ್ನೂ ಜಿಪ್ ಕವರಿನೊಳಗೆ ಇಟ್ಟು, ಗಾಳಿಯಾಡದಂತೆ ಮುಚ್ಚಿ ರಾತ್ರಿಯಿಡೀ ಬಿಡಿ. ಮಾಮೂಲಿ ಕೋಣೆಯ ಬಿಸಿಯಲ್ಲಿ ಒದ್ದೆ ಉಪ್ಪಿನ ಸುತ್ತಲಿನ ಗಾಳಿಯ ತೇವ ಶೇ. 75ಕ್ಕೆ ಬಂದು ನಿಲ್ಲುತ್ತದೆ. ಬೆಳಿಗ್ಗೆ ನನ್ನದು 69 ತೋರಿಸುತ್ತಿತ್ತು. ಹಿಂಭಾಗಕ್ಕೆ ಒಂದು ಚೀಟಿ ಅಂಟಿಸಿ ‘+6’ ಅಂತ ಬರೆದೆ.

ಮೀಟರನ್ನು ಎಲೆಯ ಎತ್ತರದಲ್ಲಿಡಿ. ಬಿಸಿಲು ಬೀಳುವ ಕಡೆ ಬೇಡ, ಆಗಷ್ಟೇ ನೀರು ಹಾಕಿದ ಕುಂಡದ ಮಗ್ಗುಲಲ್ಲೂ ಬೇಡ. ಎರಡು ಮೂರು ದಿನ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಬರೆದಿಡಿ. ನನ್ನ ಕೋಣೆಯಲ್ಲಿ ಬೆಳಿಗ್ಗೆ 58 ಇರುತ್ತಿತ್ತು. ಎಸಿ ಹಾಕಿ ಎರಡು ಗಂಟೆ ಆದರೆ 38. ಕಳ್ಳ ಸಿಕ್ಕಿಬಿದ್ದ! ಎಸಿಯೊಳಗಿನ ತಣ್ಣನೆಯ ಕೊಳವೆಗಳ ಮೇಲೆ ಗಾಳಿಯ ತೇವ ನೀರಾಗಿ ಕೂರುತ್ತದೆ. ಹೊರಗಿನ ಪೈಪಿನಿಂದ ತೊಟ್ಟಿಕ್ಕುತ್ತದಲ್ಲ, ಅದು ನನ್ನ ಕೋಣೆಯ ಗಾಳಿಯಿಂದ ತೆಗೆದ ನೀರೇ.

ಹೀಟರ್ ಹಾಕುವ ಮನೆಗಳಲ್ಲಿ ಕಥೆ ಬೇರೆ, ಫಲ ಒಂದೇ. ಬೆಚ್ಚಗಿನ ಗಾಳಿ ಹೆಚ್ಚು ನೀರು ಹಿಡಿಯುತ್ತದೆ. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ ಸುಮಾರು 17 ಗ್ರಾಂ, 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ. ಮೀಟರ್ ತೋರಿಸುವುದು ಹಿಡಿಯಬಹುದಾದದ್ದರಲ್ಲಿ ಎಷ್ಟು ಪಾಲು ಇದೆ ಅನ್ನುವುದನ್ನು. ಅದಕ್ಕೇ 20 ಡಿಗ್ರಿಯಲ್ಲಿ ಶೇ. 60 ತೇವ ಇದ್ದ ಗಾಳಿಯನ್ನು ಸುಮ್ನೆ 30 ಡಿಗ್ರಿಗೆ ಕಾಯಿಸಿದರೆ, ಒಂದು ಹನಿ ನೀರೂ ಕಡಿಮೆಯಾಗದೆ ಮೀಟರ್ ಶೇ. 35ರ ಹತ್ತಿರ ಬರುತ್ತದೆ.

ಎಲ್ಲ ಗಿಡಗಳಿಗೂ ಈ ತಲೆನೋವು ಬೇಕಿಲ್ಲ. ಎಲೆಯನ್ನು ಎರಡು ಬೆರಳ ನಡುವೆ ಹಿಡಿದು ನೋಡಿ. ದಪ್ಪಗೆ, ಮೇಣ ಹಚ್ಚಿದ ಹಾಗಿದ್ದರೆ 40ರಲ್ಲೂ ಆರಾಮಾಗಿರುತ್ತದೆ. ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್, ಜೇಡ್ ಎಲ್ಲ ಈ ಗುಂಪಿನವು. ಕಾಗದದಷ್ಟು ತೆಳುವಾಗಿದ್ದರೆ, ಕ್ಯಾಲಾಥಿಯಾ, ಮೇಡನ್‌ಹೇರ್ ಫರ್ನ್ ತರದವು, 55–60 ಕೊಡಿ.

ಮೊದಲು ಜಾಗ ಬದಲಿಸಿ, ಅದಕ್ಕೆ ಖರ್ಚಿಲ್ಲ. ಎಸಿ, ಹೀಟರ್, ಫ್ಯಾನಿನ ಗಾಳಿ ನೇರವಾಗಿ ಬಡಿಯದ ಮೂಲೆ ಹುಡುಕಿ. ನಾನು ಗಿಡವನ್ನು ಎಸಿಯ ಎದುರಿಂದ ತೆಗೆದು ಇನ್ನೊಂದು ಗೋಡೆಯ ಕಿಟಕಿಗೆ ಸಾಗಿಸಿದೆ, ಅಷ್ಟಕ್ಕೇ 38 ಇದ್ದದ್ದು 45 ಆಯಿತು. ಗಿಡಗಳನ್ನು ಒತ್ತಾಗಿ ಇಟ್ಟರೆ ಒಂದು ಬಿಟ್ಟ ತೇವ ಇನ್ನೊಂದಕ್ಕೂ ಸ್ವಲ್ಪ ಸಿಗುತ್ತದೆ. ಎಲೆಗೆ ಎಲೆ ತಾಗುವಷ್ಟು ಒತ್ತಬೇಡಿ, ಹುಳ ದಾಟುತ್ತದೆ. ತಟ್ಟೆಯಲ್ಲಿ ಕಲ್ಲು ಹರಡಿ ನೀರು ತುಂಬಿ ಅದರ ಮೇಲೆ ಕುಂಡ ಇಡುವುದನ್ನೂ ಮಾಡಿ ನೋಡಿದೆ. ಮೀಟರ್ ಏರಿದ್ದು ಎರಡೋ ಮೂರೋ ಅಂಕ, ಅಷ್ಟೇ. ನೋಡೋಕೆ ಚೆನ್ನಾಗಿತ್ತು.

ಒಂದೇ ಪುಟ್ಟ ಗಿಡ ಅಂದ್ರೆ ದೊಡ್ಡ ಗಾಜಿನ ಜಾಡಿಯೇ ಸಾಕು. ದಿನಕ್ಕೊಮ್ಮೆ ಹತ್ತು ನಿಮಿಷ ಮುಚ್ಚಳ ತೆಗೆಯಿರಿ. ನೇರ ಬಿಸಿಲಿಗೆ ಇಟ್ಟರೆ ಗಿಡ ಒಳಗೇ ಬೆಂದುಹೋಗುತ್ತದೆ.

ಇಡೀ ಮೂಲೆಯನ್ನು ನಿಜವಾಗಿ ಬದಲಿಸಿದ್ದು ಹ್ಯುಮಿಡಿಫೈಯರ್, ಅಂದರೆ ಗಾಳಿಗೆ ತೇವ ಬಿಡುವ ಯಂತ್ರ. ನೀರನ್ನು ಕಂಪಿಸಿ ಮಂಜು ಮಾಡುವ ಅಲ್ಟ್ರಾಸಾನಿಕ್ ತರದ್ದಾದರೆ ನಲ್ಲಿ ನೀರು ಹಾಕಬೇಡಿ. ನೀರಿನ ಲವಣವೆಲ್ಲ ಮಂಜಿನ ಜೊತೆ ಹಾರಿ ಎಲೆ, ಮೇಜು, ಪುಸ್ತಕದ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ. ಆರ್‌ಒ ಅಥವಾ ಡಿಸ್ಟಿಲ್ಡ್ ನೀರು ಒಳ್ಳೆಯದು. ವಾರಕ್ಕೊಮ್ಮೆ ವಿನೆಗರ್ ಹಾಕಿ ತೊಳೆದು, ವಾಸನೆ ಹೋಗುವಷ್ಟು ಜಾಲಿಸಿ. ಮಂಜು ಎಲೆಗೂ ಗೋಡೆಗೂ ನೇರ ಬಡಿಯದಿರಲಿ. 60ಕ್ಕೆ ಬಂದರೆ ನಿಲ್ಲಿಸಿ. ಜಾಸ್ತಿ ಆದರೆ ಗೋಡೆಗೆ ಬೂಷ್ಟು, ಎಲೆಗೆ ಚುಕ್ಕೆ ರೋಗ. ಗಾಳಿ ಒಂಚೂರು ಆಡುತ್ತಿರಲಿ.

ಇಲ್ಲಿ ನಾನು ಎರಡನೇ ತಪ್ಪು ಮಾಡಿದೆ. ಗಾಳಿಯಲ್ಲಿ ತೇವ ಹೆಚ್ಚಿದರೆ ಮಣ್ಣು ನಿಧಾನಕ್ಕೆ ಒಣಗುತ್ತದೆ. ಇದು ಹೊಳೆಯಲೇ ಇಲ್ಲ. ಹಳೇ ಲೆಕ್ಕದಲ್ಲೇ ನಾಲ್ಕು ದಿನಕ್ಕೊಮ್ಮೆ ನೀರು ಹಾಕುತ್ತಿದ್ದೆ. ಮೂರು ವಾರದಲ್ಲಿ ಕುಂಡದಿಂದ ಕೊಳೆತ ವಾಸನೆ, ಸಣ್ಣ ಕರಿ ನೊಣಗಳು ಬೇರೆ. ಕಿತ್ತು ನೋಡಿದರೆ ಅರ್ಧ ಬೇರು ಕಂದಾಗಿ, ಮುಟ್ಟಿದರೆ ಲೊಳಲೊಳ. ಕೊಳೆತದ್ದನ್ನೆಲ್ಲ ಕತ್ತರಿಸಿ ಹೊಸ ಮಣ್ಣಿಗೆ ಹಾಕಿದೆ, ಹೇಗೋ ಉಳಿಯಿತು. ಈಗ ದಿನದ ಲೆಕ್ಕ ಬಿಟ್ಟಿದ್ದೇನೆ. ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ ನೋಡುತ್ತೇನೆ.

ಅಂಚು ಕಂದಾದದ್ದಕ್ಕೆಲ್ಲ ಗಾಳಿಯೇ ಕಾರಣ ಅಂತಲೂ ಅಲ್ಲ. ಮೀಟರ್ 60 ತೋರಿಸುತ್ತಿದ್ದೂ ತುದಿ ಸುಡುತ್ತಿದ್ದರೆ ಮಣ್ಣಿನಲ್ಲಿ ಲವಣ ಸೇರಿರಬಹುದು, ಗೊಬ್ಬರ ಹೆಚ್ಚಾಗಿರಬಹುದು, ಬೇರು ಕೊಳೆತಿರಬಹುದು. ಎಲೆ ತಿರುಗಿಸಿಯೂ ನೋಡಿ. ಒಣ ಗಾಳಿಯಲ್ಲಿ ಸ್ಪೈಡರ್ ಮೈಟ್ ಅನ್ನುವ, ಎಲೆಯ ರಸ ಹೀರುವ ಪುಟ್ಟ ಹುಳ ಬೇಗ ಹೆಚ್ಚುತ್ತದೆ. ಅಡಿಯಲ್ಲಿ ಸಣ್ಣ ಬಲೆ ಕಾಣುತ್ತದೆ.

ಕಂದಾದ ಅಂಚು ಮತ್ತೆ ಹಸಿರಾಗುವುದಿಲ್ಲ. ಕತ್ತರಿಯಿಂದ ತೆಗೆಯುವಾಗ ಕೂದಲೆಳೆಯಷ್ಟು ಕಂದು ಬಿಟ್ಟೇ ಕತ್ತರಿಸಿ. ಹಸಿರಿಗೆ ತಾಗಿದರೆ ಅಲ್ಲಿಂದ ಮತ್ತೆ ಒಣಗುತ್ತಾ ಬರುತ್ತದೆ. ಫಲ ಸಿಕ್ಕಿತೋ ಇಲ್ಲವೋ ಅಂತ ಹೊಸ ಎಲೆಯಲ್ಲಿ ನೋಡಿ. ನನ್ನ ಗಿಡದ್ದು ಹೋದ ವಾರ ಒಂದು ಬಂತು. ರಾತ್ರಿ ಬಿಗಿ ಸುರುಳಿ, ಮೂರನೇ ದಿನ ಬೆಳಿಗ್ಗೆ ನಾನು ಕೈ ಹಾಕದೆ ತಾನೇ ಪೂರ್ತಿ ಬಿಚ್ಚಿಕೊಂಡಿತ್ತು. ಪಕ್ಕದಲ್ಲೇ ನಾನು ಹರಿದ ಹಳೇ ಎಲೆ ಇನ್ನೂ ಇದೆ. ಸ್ಪ್ರೇ ಬಾಟಲಿ ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕೆ ಹೋಗಿದೆ.