ಮೂರು ಕಿಲೋ ಚೀಲದ ಲೆಕ್ಕ

ಕಳೆದ ಕೊಯ್ಲಿನಲ್ಲಿ ಮೂಡಿಗೆರೆ ಸುತ್ತಮುತ್ತ ಆಳು ಸಿಗದೆ ಕಾಫಿ ಹಣ್ಣು ಗಿಡದಲ್ಲೇ ಒಣಗುತ್ತಿದ್ದಾಗ ನನ್ನ 14 ಎಕರೆ ತೋಟಕ್ಕೆ ಒಂದು ದಿನವೂ ಜನ ಕಡಿಮೆಯಾಗಲಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. "ಪೊರ್ಬುಗಳೇ, ಬೈಬಲ್ ನೋಡಿ ಕೂಲಿ ಕೊಟ್ಟರೆ ತೋಟ ಬ್ಯಾಂಕಿನ ಪಾಲಾದೀತು" ಎಂದು ಪಕ್ಕದ ತೋಟದ ಗೌಡರು ಎಚ್ಚರಿಸಿ ಮೂರು ವರ್ಷವಾಯಿತು. (ಪೊರ್ಬು ಎಂದರೆ ನಮ್ಮ ಕಡೆ ಕ್ರೈಸ್ತರನ್ನು ಕರೆಯುವ ಮಾತು.)

ಬೈಬಲ್ ನೋಡಿ ಕೂಲಿ ಕೊಡುವುದು ಶುರುವಾದದ್ದು ಚೀಲದಿಂದ. ಕೊಯ್ಲಿನ ಕೂಲಿ ಕಿಲೋ ಲೆಕ್ಕದ್ದು; ಹಣ್ಣು ತೂಗುವಾಗ ಚೀಲದ ಬಾಬ್ತು 3 ಕಿಲೋ ಮುರಿದುಕೊಳ್ಳುವುದು ನಮ್ಮ ತಂದೆಯ ಕಾಲದ ರೂಢಿ. ಗೋಣಿಚೀಲದ ತೂಕ ಸುಮಾರು ಒಂದು ಕಿಲೋ ಎಂಬುದು ತೋಟ ಮಾಡುವವರಿಗೆಲ್ಲ ಗೊತ್ತು. ತಕ್ಕಡಿ, ತೂಕದ ಕಲ್ಲು ನ್ಯಾಯವಾಗಿರಬೇಕು ಎಂಬ ಬೈಬಲಿನ ಯಾಜಕಕಾಂಡ 19ನೇ ಅಧ್ಯಾಯದ ಮಾತನ್ನು ಎಷ್ಟು ಸಲ ಓದಿದ್ದೆನೋ. ಒಂದು ರಾತ್ರಿ ಲೆಕ್ಕ ಹಾಕಿದೆ: 18 ಜನ, ತಲೆಗೆ ಎರಡು ಚೀಲ, ಚೀಲಕ್ಕೆ 2 ಕಿಲೋ, ಕಿಲೋಗೆ 5 ರೂಪಾಯಿ, 40 ದಿನ. ಹೆಚ್ಚುಕಡಿಮೆ 14 ಸಾವಿರ. ಇದು ಕಳವು, ಬೇರೆ ಪದ ನನಗೆ ಸಿಗಲಿಲ್ಲ. ಒಂಬತ್ತು ಸಾವಿರ ಕೊಟ್ಟು ಎಲೆಕ್ಟ್ರಾನಿಕ್ ತಕ್ಕಡಿ ತಂದೆ. ಈಗ ಖಾಲಿ ಚೀಲವನ್ನೂ ಅವರ ಕಣ್ಣೆದುರೇ ತೂಗುತ್ತೇವೆ.

ಮುಂದಿನದರಲ್ಲಿ ಪೆಟ್ಟು ತಿಂದೆ. ಮತ್ತಾಯನ ಸುವಾರ್ತೆ 20ರಲ್ಲಿ ಯೇಸು ಹೇಳುವ ಒಂದು ಸಾಮತಿ, ಅಂದರೆ ದೃಷ್ಟಾಂತಕತೆ, ಇದೆ: ದ್ರಾಕ್ಷಿತೋಟದ ಯಜಮಾನ ಬೆಳಿಗ್ಗೆ ಬಂದವರಿಗೂ ಸಂಜೆ ಬಂದವರಿಗೂ ಒಂದೇ ಕೂಲಿ ಕೊಡುತ್ತಾನೆ. ಅದನ್ನು ಹಾಗೆಯೇ ನಡೆಸಲು ಹೊರಟು, ಕಳೆ ಹೊಡೆಯುವ ಕೆಲಸಕ್ಕೆ ಎಂಟು ಗಂಟೆಗೆ ಬಂದವರಿಗೂ ಮಧ್ಯಾಹ್ನ ಬಂದವರಿಗೂ ಒಂದೇ ಕೂಲಿ ಕೊಟ್ಟೆ. ನಾಲ್ಕನೇ ದಿನ ಅರ್ಧ ಜನ ಊಟ ಮುಗಿಸಿಕೊಂಡೇ ಬಂದರು. ಬೆಳಿಗ್ಗೆಯೇ ಬರುತ್ತಿದ್ದ ಒಳ್ಳೆಯ ಆಳುಗಳಿಬ್ಬರು ಬಿಟ್ಟುಹೋದರು. ಮತ್ತೆ ಓದಿದಾಗ ಹೊಳೆಯಿತು: ಆ ಯಜಮಾನ ಮೊದಲು ಬಂದವರಿಗೆ ಮಾತಾಡಿದ ಒಂದು ದಿನಾರಿ ನಾಣ್ಯವನ್ನು ಚಾಚೂತಪ್ಪದೆ ಕೊಟ್ಟಿದ್ದ, ಉಳಿದವರಿಗೆ ಕೊಟ್ಟದ್ದು ಅವನ ಔದಾರ್ಯ. ಅಂದಿನಿಂದ ಕೂಲಿಯ ಪುಸ್ತಕ ಬೇರೆ, ಕಷ್ಟಕ್ಕೆ ಕೊಡುವ ಹಣದ ಪುಸ್ತಕ ಬೇರೆ.

ದಿನಗೂಲಿಯ ಕೆಲಸಕ್ಕೆ ಗಂಡಾಳಿಗೆ 500, ಹೆಣ್ಣಾಳಿಗೆ 400 ಇದ್ದುದನ್ನು ಇಬ್ಬರಿಗೂ 500 ಮಾಡಿದೆ. ಸಮಾನ ವೇತನದ ಕಾಯ್ದೆ 1976ರಲ್ಲೇ ಬಂದಿತ್ತು, ನಮ್ಮ ತೋಟಕ್ಕೆ ಬರಲು ಇಷ್ಟು ವರ್ಷ ಹಿಡಿಯಿತು. ಮೊದಲ ವರ್ಷ ಇದೊಂದರಿಂದಲೇ ಅರುವತ್ತು ಸಾವಿರದಷ್ಟು ಹೆಚ್ಚು ಹೋಯಿತು. ಹೆಂಡತಿ ಬಳೆ ಅಡವಿಟ್ಟು ಗೊಬ್ಬರ ತಂದೆವು.

ಹೊತ್ತು ಮುಳುಗುವ ಮುನ್ನ ಕೂಲಿ ಕೊಡು ಎನ್ನುತ್ತದೆ ಧರ್ಮೋಪದೇಶಕಾಂಡ. ನಮ್ಮಲ್ಲಿ ಬಟವಾಡೆ ಆಗುತ್ತಿದ್ದುದು ಸಂತೆಯ ದಿನ, ಅದೂ ಆಳು ಕರೆತರುವ ಮೇಸ್ತ್ರಿಯ ಕೈಗೆ. ಅದನ್ನು ಬಿಟ್ಟು ದಿನವೂ ಸಂಜೆ ಆಳುಗಳ ಕೈಗೇ ಕೊಡತೊಡಗಿದೆ. ದಿನವೂ ಕೊಟ್ಟರೆ ಹೆಂಡದಂಗಡಿಗೆ ಹೋಗುತ್ತದೆ ಎಂದರು. ಕೆಲವರದು ಹೋಯಿತು ಕೂಡ. ಆದರೆ ಹೆಂಗಸರ ಕೂಲಿಯನ್ನು ಗಂಡಂದಿರಿಗೆ ಕೊಡದೆ ಅವರವರ ಕೈಗೇ ಇಟ್ಟ ಮೇಲೆ ಹಾಜರಾತಿಯೇ ಬದಲಾಯಿತು. ಮೊಬೈಲಿನಲ್ಲಿ ಹಾಕಲು ನಮ್ಮ ಕಣಿವೆಯಲ್ಲಿ ನೆಟ್‌ವರ್ಕ್ ಇಲ್ಲ, ಚಿಲ್ಲರೆ ಹೊಂದಿಸುವುದೇ ಸಂಜೆಯ ಕೆಲಸ. ಮೇಸ್ತ್ರಿಯ ಕಮಿಷನ್ ಸುಮಾರು 35 ಸಾವಿರ ಉಳಿಯಿತು. ಕೊಯ್ದ ಹಣ್ಣಿನ ಜೊತೆ ನೂರಕ್ಕೆ ಹದಿನೈದರಷ್ಟು ಬೆರೆತು ಬರುತ್ತಿದ್ದ ಹಸಿರುಕಾಯಿ ಐದಕ್ಕೆ ಇಳಿಯಿತು. ತೋಟದಲ್ಲಿ ಹಣ್ಣು ತೆಳುವಾಗಿರುವ ಪಟ್ಟೆಗೆ ಕಿಲೋ ದರ ಹೇಗೆ ಕಟ್ಟುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನಾನೂ ತೋಟದ ಲೆಕ್ಕ ಬರೆಯುವ ರೈಟರೂ ಎರಡು ಕೊಯ್ಲಿನಲ್ಲಿ ಕೈಸುಟ್ಟುಕೊಂಡು ಕಲಿತದ್ದು.

ಇನ್ನೊಂದು ಪ್ರಯೋಗ ಹಕ್ಕಲಿನದು. ಹೊಲದಲ್ಲಿ ಉದುರಿದ್ದನ್ನು ಬಡವರಿಗೂ ಪರದೇಶಿಗಳಿಗೂ ಬಿಡು ಎಂಬ ಮಾತೂ ಅದೇ 19ನೇ ಅಧ್ಯಾಯದಲ್ಲಿದೆ. ಉದುರು ಹಣ್ಣನ್ನು ಸುಮ್ಮನೆ ಬಿಟ್ಟೆ. ಯಾರೂ ಆರಿಸಲಿಲ್ಲ, ಮರುವರ್ಷ ಉದುರು ಹಣ್ಣಿನಲ್ಲೇ ಬೆಳೆಯುವ ಕಾಯಿಕೊರಕ ಹುಳು ರೋಬಸ್ಟಾ ಕಾಫಿಯನ್ನು ಹಿಡಿಯಿತು. ಈಗ ಕೊಯ್ಲು ಮುಗಿದ ಪಟ್ಟೆಯ ಉದುರು ಆರಿಸಿದವರದ್ದೇ ಎಂದು ಮೊದಲೇ ಸಾರುತ್ತೇನೆ, ಒಣಗಿಸಲು ನಮ್ಮ ಕಣವನ್ನೂ ಬಿಟ್ಟುಕೊಡುತ್ತೇನೆ. ಕಳೆದ ಸಲ ಅಸ್ಸಾಮಿನಿಂದ ಬಂದ ಇಬ್ಬರು ಹೆಂಗಸರೂ ನಮ್ಮ ಆಳುಗಳ ಲೈನ್ ಮನೆಯ ಅಜ್ಜಿಯೂ ಸೇರಿ ನಾಲ್ಕು ಚೀಲ ಒಣಗಿಸಿ ಮಾರಿದರು. ಬುಡಗಳು ಗುಡಿಸಿದಷ್ಟು ಚೊಕ್ಕಟವಾಗಿದ್ದವು. ಈ ಬಾರಿ ನೂರು ಹಣ್ಣು ಆರಿಸಿ ನೋಡಿದೆ, ತೂತು ಬಿದ್ದದ್ದು ಮೂರೇ.